ಕಲಾವಿದರ ಸಾಕ್ಷ್ಯಚಿತ್ರಗಳಲ್ಲಿ ಕೆಲಸವೇ ಕಾಣುವಂತೆ ಮಾಡುವುದು ಹೇಗೆ?

ಬಣ್ಣದ ಬಟ್ಟಲು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಗೊಂಬೆ ಮಾಡುವ ಹಿರಿಯ ಚಿತ್ರಗಾರರೊಬ್ಬರ ಕುರಿತು ಅರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡಲು ನಾನೂ ಗೆಳೆಯರೊಬ್ಬರೂ ಸಿದ್ಧತೆ ನಡೆಸಿದ್ದೇವೆ. ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ, ಸೆಣಬಿನ ಪುಡಿಯನ್ನು ಅದೇ ಅಂಟಿನಲ್ಲಿ ಕಲಸಿದ ‘ಕಿಟ್ಟ’ವನ್ನು ಮೆತ್ತಿ, ಅದು ಒಣಗಿದ ಮೇಲಷ್ಟೇ ಬಣ್ಣಕ್ಕೆ ಕೈಹಾಕುವ ಕೆಲಸ ಅದು. ಮಾತಿಗೆ ಕೂರಿಸಿದರೆ ಅಜ್ಜ ತಮ್ಮ ಮನೆತನದ ಹಿರಿಮೆಯನ್ನೂ ಈಗಿನ ಕಷ್ಟಗಳನ್ನೂ ಹೇಳುತ್ತಾರೆಯೇ ಹೊರತು, ಗೊಂಬೆಗೆ ಕಣ್ಣು ಬರೆಯುವ ಮುಂಚೆ ಕುಂಚ ಹಿಡಿದು ಅಷ್ಟು ಹೊತ್ತು ಸುಮ್ಮನೆ ಏಕೆ ಕೂರುತ್ತಾರೆಂಬುದನ್ನು ಹೇಳುವುದಿಲ್ಲ. ನಮಗೆ ಬೇಕಾಗಿರುವುದು ಅದೇ. ಕಲಾವಿದರ ಮೇಲೆ ಬಂದಿರುವ ಹೆಚ್ಚಿನ ಚಿತ್ರಗಳಲ್ಲಿ ಹುಟ್ಟೂರು, ಪ್ರಶಸ್ತಿಗಳು, ಶಿಷ್ಯರ ಮೆಚ್ಚುನುಡಿ, ನಡುನಡುವೆ ಕೊಳಲಿನ ಹಿನ್ನೆಲೆ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಕೆಲಸ ನಡೆಯುವ ಬಗೆಯನ್ನೇ ಹಿಡಿದಿರುವ ಚಿತ್ರಗಳು ಯಾವುವು, ಮತ್ತು ಅವು ಅದನ್ನು ಯಾವ ಉಪಾಯದಿಂದ ಸಾಧಿಸಿದವು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ರೀಲುಪೆಟ್ಟಿಗೆ:

ಈ ಪ್ರಶ್ನೆಗೆ ನೇರವಾದ ಉತ್ತರವೆಂದರೆ ಫ್ರಾನ್ಸಿನ ನಿರ್ದೇಶಕ ಆನ್ರಿ ಜಾರ್ಜ್ ಕ್ಲೂಜೋ 1956ರಲ್ಲಿ ಪಿಕಾಸೊ ಅವರ ಮೇಲೆ ಮಾಡಿದ ‘ದಿ ಮಿಸ್ಟರಿ ಆಫ್ ಪಿಕಾಸೊ’. 1955ರ ಬೇಸಿಗೆಯಲ್ಲಿ ನೀಸ್ ನಗರದ ಸ್ಟುಡಿಯೋದಲ್ಲಿ ಅದರ ಚಿತ್ರೀಕರಣ ನಡೆಯಿತು. ಶಾಯಿ ಹಿಂಬದಿಗೆ ಪೂರ್ತಿ ಇಳಿಯುವಂಥ ಕಾಗದವನ್ನು ಚೌಕಟ್ಟಿಗೆ ಬಿಗಿದು, ಒಂದು ಬದಿಯಲ್ಲಿ ಪಿಕಾಸೊ ಬರೆಯುತ್ತಿದ್ದರೆ ಇನ್ನೊಂದು ಬದಿಯಲ್ಲಿ ಕ್ಯಾಮೆರಾ ಇಡಲಾಗಿತ್ತು. ಹೀಗಾಗಿ ಕೈಯೂ ಕಾಣದೆ, ಬೆನ್ನೂ ಅಡ್ಡಬಾರದೆ, ಗೆರೆ ತಾನಾಗಿಯೇ ಬೆಳೆಯುತ್ತಾ ಹೋಗುತ್ತದೆ. ಹೂವೆಂದುಕೊಂಡದ್ದು ಮೀನಾಗಿ, ಮೀನು ಕೋಳಿಯಾಗಿ, ಕೊನೆಗೆ ಒಂದು ಮುಖವಾಗಿ ನಿಲ್ಲುವುದನ್ನು ಕಂಡಾಗ, ಕಲಾವಿದ ಮೊದಲೇ ಎಲ್ಲವನ್ನೂ ನಿಶ್ಚಯಿಸಿಕೊಂಡು ಕೂರುತ್ತಾನೆಂಬ ನಮ್ಮ ಕಲ್ಪನೆಯೇ ಬಿದ್ದುಹೋಗುತ್ತದೆ. ಕಡಲತೀರದ ದೊಡ್ಡ ತೈಲಚಿತ್ರವೊಂದನ್ನು ಪದೇ ಪದೇ ತಿದ್ದಿ, ಕೆಟ್ಟುಹೋಯಿತೆಂದು ಒಪ್ಪಿಕೊಂಡು, ಹೊಸ ಕ್ಯಾನ್ವಾಸಿನಲ್ಲಿ ಮೊದಲಿನಿಂದ ಶುರುಮಾಡುವ ಭಾಗವಂತೂ ನಿಮಗೆ ಪಾಠವಾಗಬಲ್ಲದು. ಅಜ್ಜ ಹಾಳಾಯಿತೆಂದು ಪಕ್ಕಕ್ಕಿಡುವ ಗೊಂಬೆ ಯಾವುದಾದರೂ ಇದ್ದರೆ ಅದನ್ನು ತಪ್ಪದೆ ಚಿತ್ರೀಕರಿಸಿ.

ತುಂಗಾತೀರ:

ರೀಲುಪೆಟ್ಟಿಗೆಯವರು ಹೇಳಿದ ಚಿತ್ರದ ಸೊಗಸನ್ನು ಒಪ್ಪುತ್ತೇನೆ. ಆದರೆ ಅದನ್ನು ಮಾದರಿಯಾಗಿ ಇಟ್ಟುಕೊಳ್ಳುವುದಕ್ಕೆ ನನ್ನ ತಕರಾರಿದೆ. ಕ್ಯಾಮೆರಾದಲ್ಲಿ ಇಷ್ಟೇ ಫಿಲ್ಮ್ ಉಳಿದಿದೆಯೆಂದು ನಿರ್ದೇಶಕರು ಕೂಗಿ ಹೇಳುವುದು, ಪಿಕಾಸೊ ಅಷ್ಟರೊಳಗೆ ಚಿತ್ರ ಮುಗಿಸಲು ಹೊರಡುವುದು, ಇವೆಲ್ಲ ಸೃಷ್ಟಿಕ್ರಿಯೆಗಿಂತ ಹೆಚ್ಚಾಗಿ ಪಂದ್ಯದಂತೆ ಕಾಣುತ್ತವೆ. ತೈಲಚಿತ್ರಗಳ ಭಾಗದಲ್ಲಿ ಗಂಟೆಗಟ್ಟಲೆಯ ಕೆಲಸ ನಿಮಿಷಗಳಿಗೆ ಇಳಿದು, ಕುಂಚ ಹಿಡಿದು ಸುಮ್ಮನೆ ನಿಂತ ಹೊತ್ತೆಲ್ಲ ಕತ್ತರಿಗೆ ಸಿಕ್ಕಿಹೋಗಿದೆ. ಬಣ್ಣದ ಬಟ್ಟಲು ಅವರು ಕೇಳುತ್ತಿರುವುದು ಆ ಹೊತ್ತನ್ನೇ ಅಲ್ಲವೇ?

ಸ್ಪೇನಿನ ವಿಕ್ಟರ್ ಎರೀಸೆ 1992ರಲ್ಲಿ ಹೊರತಂದ ಒಂದು ಚಿತ್ರವಿದೆ. ಇಂಗ್ಲಿಷಿನಲ್ಲಿ ‘ಡ್ರೀಮ್ ಆಫ್ ಲೈಟ್’ ಎಂಬ ಹೆಸರಿನಲ್ಲಿ ಹುಡುಕಿ. ಚಿತ್ರಕಾರ ಅಂತೋನಿಯೊ ಲೋಪೆಸ್ ಗಾರ್ಸಿಯಾ 1990ರ ಶರತ್ಕಾಲದಲ್ಲಿ ಮ್ಯಾಡ್ರಿಡ್‌ನ ತಮ್ಮ ಅಂಗಳದಲ್ಲಿದ್ದ ಕ್ವಿನ್ಸ್ ಹಣ್ಣಿನ ಗಿಡವನ್ನು ಚಿತ್ರಿಸಲು ತೊಡಗುತ್ತಾರೆ. ಎರಡು ಗಂಟೆಗೂ ಮೀರಿದ ಈ ಚಿತ್ರದಲ್ಲಿ ನಡೆಯುವುದು ಇಷ್ಟೇ. ಆದರೆ ಸಿದ್ಧತೆಯನ್ನು ಎರೀಸೆ ಎಷ್ಟು ಸಾವಧಾನವಾಗಿ ತೋರಿಸುತ್ತಾರೆಂದರೆ, ಗಿಡದ ಮುಂದೆ ದಾರ ಕಟ್ಟಿ ತೂಗುಗುಂಡು ಇಳಿಬಿಟ್ಟದ್ದು, ನಿತ್ಯವೂ ಅದೇ ಜಾಗದಲ್ಲಿ ನಿಲ್ಲಲು ಪಾದದ ತುದಿಗೆ ನೆಲದಲ್ಲಿ ಮೊಳೆ ಹೊಡೆದದ್ದು, ಎಲೆ ಮತ್ತು ಹಣ್ಣುಗಳ ಮೇಲೆ ಬಿಳಿ ಬಣ್ಣದ ಗುರುತು ಹಾಕಿದ್ದು ನಮಗೆ ಬಾಯಿಪಾಠವಾಗುತ್ತವೆ. ಹಣ್ಣು ದಪ್ಪಗಾಗುತ್ತಾ ಕೊಂಬೆ ಬಾಗಿದಂತೆ ಆ ಗುರುತುಗಳು ದಿನದಿನಕ್ಕೂ ಕೆಳಗಿಳಿಯುತ್ತವೆ. ಅವರು ಅಳತೆಯನ್ನು ಮತ್ತೆ ಸರಿಪಡಿಸುತ್ತಾರೆ. ಬಿಸಿಲಿಗಾಗಿ ಕಾಯುತ್ತಾರೆ, ಮಳೆ ಬಂದಾಗ ಗಿಡಕ್ಕೇ ಪ್ಲಾಸ್ಟಿಕ್ ಹೊದಿಕೆ ಕಟ್ಟಿಸುತ್ತಾರೆ, ಗೆಳೆಯನೊಬ್ಬ ಕೋಲಿನಿಂದ ಎಲೆಯನ್ನು ಎತ್ತಿ ಹಿಡಿಯುತ್ತಾನೆ. ಬಯಸಿದ ಬೆಳಕು ಕೈಗೆ ಸಿಗದೆ ತೈಲಚಿತ್ರವನ್ನು ಕೈಬಿಟ್ಟು ಪೆನ್ಸಿಲ್ ಹಿಡಿಯುತ್ತಾರೆ. ಹಣ್ಣು ಉದುರತೊಡಗಿದಾಗ ಆ ರೇಖಾಚಿತ್ರವನ್ನೂ ನಿಲ್ಲಿಸುತ್ತಾರೆ. ಮುಗಿದ ಕೃತಿಯೇ ಇಲ್ಲದ ಈ ಚಿತ್ರ ಕೆಲಸದ ಬಗ್ಗೆ ಹೇಳುವಷ್ಟನ್ನು ಹತ್ತು ಸಂದರ್ಶನಗಳೂ ಹೇಳಲಾರವು ಎಂಬುದು ನನ್ನ ಅಭಿಪ್ರಾಯ. ಬೇಸರ ಬಂದರೆ ಎದ್ದುಹೋಗಬೇಡಿ, ಮೊದಲರ್ಧ ಗಂಟೆ ಕಳೆದ ಮೇಲೆ ಕಣ್ಣು ಹೊಂದಿಕೊಳ್ಳುತ್ತದೆ.

ಹಳೇ ಪ್ರೇಕ್ಷಕ:

ಇಬ್ಬರೂ ಮಾತನ್ನು, ವಿವರಣೆಯನ್ನು ಪೂರ್ತಿ ತಳ್ಳಿಹಾಕುತ್ತಿರುವಂತೆ ತೋರಿತು, ಅದಕ್ಕಾಗಿ ಬರೆಯುತ್ತಿದ್ದೇನೆ. ನಮ್ಮ ದೇಶದಲ್ಲಿ ಇಂಥ ಚಿತ್ರಗಳು ಬಹುಪಾಲು ಕೇಂದ್ರ ಸರ್ಕಾರದ ಚಿತ್ರನಿರ್ಮಾಣ ಸಂಸ್ಥೆಯಾಗಿದ್ದ ಫಿಲ್ಮ್ಸ್ ಡಿವಿಷನ್ ಆಶ್ರಯದಲ್ಲಿ ಹುಟ್ಟಿದವು. ಟಾಕೀಸುಗಳಲ್ಲಿ ಮುಖ್ಯಚಿತ್ರಕ್ಕೆ ಮುಂಚೆ ಕಡ್ಡಾಯವಾಗಿ ತೋರಿಸಬೇಕಾಗಿದ್ದ ಕಿರುಚಿತ್ರಗಳ ಅಚ್ಚಿನಲ್ಲೇ ಅವು ತಯಾರಾದದ್ದರಿಂದ ಅವಧಿ ಚಿಕ್ಕದು, ಮೇಲಿಂದ ಒಂದು ಗಂಭೀರ ಕಂಠ. ಆ ಅಚ್ಚಿನೊಳಗೇ ಸತ್ಯಜಿತ್ ರಾಯ್ 1972ರಲ್ಲಿ ‘ದಿ ಇನ್ನರ್ ಐ’ ಮಾಡಿದರು. ಶಾಂತಿನಿಕೇತನದಲ್ಲಿ ರಾಯ್ ಅವರಿಗೆ ಗುರುವಾಗಿದ್ದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಹುಟ್ಟಿನಿಂದಲೇ ದೃಷ್ಟಿದೋಷವಿದ್ದವರು. ಮುಂದೆ ನಡೆದ ಶಸ್ತ್ರಚಿಕಿತ್ಸೆಯ ನಂತರ ಕಣ್ಣು ಪೂರ್ತಿ ಹೋಯಿತು. ಕಣ್ಣಿಲ್ಲದ ಮೇಲೂ ಅವರು ಬೆರಳುಗಳಿಂದಲೇ ಆಕಾರ ಕಂಡುಕೊಂಡು ಭಿತ್ತಿಚಿತ್ರಕ್ಕೆ ಸಿದ್ಧರಾಗುವುದನ್ನು ರಾಯ್ ತೋರಿಸುತ್ತಾರೆ. ಶಾಂತಿನಿಕೇತನದ ಹಿಂದೀ ಭವನದ ಗೋಡೆಯಲ್ಲಿ ಅವರು 1947ರಲ್ಲಿ ಮುಗಿಸಿದ ಮಧ್ಯಯುಗದ ಸಂತರ ಚಿತ್ರದ ಉದ್ದಕ್ಕೂ ಕ್ಯಾಮೆರಾ ಸಾಗುತ್ತದೆ. ಅಲ್ಲಿ ವಿವರಣೆ ರಾಯ್ ಅವರದೇ ದನಿಯಲ್ಲಿದೆ. ಅದನ್ನು ತೆಗೆದುಬಿಟ್ಟರೆ ಆ ಬೆರಳುಗಳು ಏನನ್ನು ನೆನಪಿಸಿಕೊಳ್ಳುತ್ತಿವೆ ಎಂಬುದು ಹೊಸ ನೋಡುಗರಿಗೆ ತಿಳಿಯುವುದೇ ಇಲ್ಲ.

ರಾಯ್ ಅವರದೇ ‘ಬಾಲಾ’ ಕೂಡ ನೋಡಬಹುದು. ಭರತನಾಟ್ಯ ಕಲಾವಿದೆ ಬಾಲಸರಸ್ವತಿಯವರು ಕಡಲ ದಂಡೆಯಲ್ಲಿ ನಮ್ಮ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಪದಕ್ಕೆ ಅಭಿನಯಿಸುವ ದೃಶ್ಯ ಅದರಲ್ಲಿದೆ. ಚಿತ್ರ ಬಂದ 1976ರ ಹೊತ್ತಿಗೆ ಅವರಿಗೆ ಸುಮಾರು ಐವತ್ತೆಂಟು ವರ್ಷ. ಗಾಳಿಗೆ ಸೆರಗು ಹಾರಿ ಅಭಿನಯದ ಸೂಕ್ಷ್ಮ ಚೆದುರುತ್ತದೆ. ಆಕೆಯ ಕಲೆಗೆ ಬೇಕಾದದ್ದು ನಾಲ್ಕು ಗೋಡೆಗಳ ಆಪ್ತತೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಎಷ್ಟೇ ದೊಡ್ಡ ನಿರ್ದೇಶಕರಾಗಲಿ, ಕೆಲಸವನ್ನು ಅದರ ಜಾಗದಿಂದ ಎಬ್ಬಿಸಿ ಚೆಂದದ ಹಿನ್ನೆಲೆಗೆ ಕೂರಿಸಿದರೆ ಹೀಗಾಗುತ್ತದೆ. ದಯವಿಟ್ಟು ಅಜ್ಜನನ್ನು ಹಂಪಿಯ ಮಂಟಪದಲ್ಲಿ ಕೂರಿಸಿ ಗೊಂಬೆ ಮಾಡಿಸಬೇಡಿ.

ಬಣ್ಣದ ಬಟ್ಟಲು:

ಮೂವರಿಗೂ ಧನ್ಯವಾದಗಳು. ಹಂಪಿಯ ಆಲೋಚನೆ ಗೆಳೆಯರಿಗೆ ನಿಜವಾಗಿಯೂ ಇತ್ತು, ಈಗ ಅದನ್ನು ಬಿಡಿಸುತ್ತೇನೆ. ನಮ್ಮ ಇನ್ನೊಂದು ಅಳುಕೆಂದರೆ, ಕ್ಯಾಮೆರಾ ಎದುರಿಗಿದ್ದಾಗ ಅಜ್ಜ ಬೇಗ ಬೇಗ ಕೆಲಸ ಮಾಡಿ ತೋರಿಸುತ್ತಾರೆ, ಆ ಸುಮ್ಮನೆ ಕೂರುವಿಕೆ ಮಾಯವಾಗುತ್ತದೆ. ಇದಕ್ಕೆ ಉಪಾಯವಿದೆಯೇ?

ತುಂಗಾತೀರ:

ಈ ಅಳುಕು ಹೊಸದಲ್ಲ. ಛಾಯಾಗ್ರಾಹಕ ಹಾನ್ಸ್ ನಾಮುತ್ 1950ರಲ್ಲಿ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಅವರನ್ನು ಚಿತ್ರೀಕರಿಸಿದಾಗ, ಗಾಜಿನ ಮೇಲೆ ಬಣ್ಣ ಸುರಿಯಲು ಹೇಳಿ ಕೆಳಗಿನಿಂದ ಕ್ಯಾಮೆರಾ ಹಿಡಿದಿದ್ದರು. ನೆಲದ ಮೇಲೆ ಕ್ಯಾನ್ವಾಸ್ ಹಾಸಿ ತನ್ನ ಪಾಡಿಗೆ ಅದರ ಸುತ್ತ ತಿರುಗುತ್ತಿದ್ದ ಮನುಷ್ಯ ನಿರ್ದೇಶಕರ ಸೂಚನೆಯಂತೆ ನಿಲ್ಲಬೇಕಾಯಿತು, ಶುರುಮಾಡಬೇಕಾಯಿತು. ಎರಡು ವರ್ಷ ಕುಡಿತ ಬಿಟ್ಟಿದ್ದ ಪೊಲಾಕ್ ಚಿತ್ರೀಕರಣ ಮುಗಿದ ದಿನವೇ ಮತ್ತೆ ಬಾಟಲಿ ಹಿಡಿದರು. ಇದಕ್ಕೆ ಚಿತ್ರವೊಂದೇ ಕಾರಣವೆನ್ನಲಾಗದು, ಆದರೂ ಎಚ್ಚರಿಕೆಗೆ ಇಷ್ಟು ಸಾಕು. ಜರ್ಮನಿಯ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ ಅವರಂತೂ ತಮ್ಮ ಮೇಲಿನ 2011ರ ಚಿತ್ರದಲ್ಲಿ, ಯಾರಾದರೂ ನೋಡುತ್ತಿದ್ದರೆ ತನಗೆ ಚಿತ್ರ ಬರೆಯುವುದು ಕಷ್ಟವೆಂದು ಕ್ಯಾಮೆರಾದ ಎದುರಿಗೇ ಹೇಳಿಬಿಡುತ್ತಾರೆ; ನಿರ್ದೇಶಕಿ ಕೊರಿನಾ ಬೆಲ್ಸ್ ಅದನ್ನು ಕತ್ತರಿಸದೆ ಉಳಿಸಿಕೊಂಡಿದ್ದಾರೆ.

ಉಪಾಯವೆಂದರೆ ಮೊದಲ ಕೆಲವು ದಿನ ಸ್ಟ್ಯಾಂಡ್ ಮತ್ತು ಮೈಕನ್ನು ಮೂಲೆಯಲ್ಲಿ ನಿಲ್ಲಿಸಿ, ಬಟನ್ ಒತ್ತದೆ ಬಿಟ್ಟುಬಿಡಿ. ಆಮೇಲೆ ಕಿಟಕಿಯ ಬೆಳಕಿನಲ್ಲೇ, ಜಾಗ ಬದಲಿಸದೆ, ಕಿಟ್ಟ ಒಣಗುವ ಹೊತ್ತನ್ನೂ ಸೇರಿಸಿ ಉದ್ದನೆಯ ಶಾಟ್ ತೆಗೆಯಿರಿ. ‘ಇನ್ನೊಮ್ಮೆ ಮಾಡಿ ಅಜ್ಜಾ’ ಎಂದು ಯಾವ ಕಾರಣಕ್ಕೂ ಕೇಳಬೇಡಿ. ಕೇಳಿದ ಕ್ಷಣದಿಂದ ಅವರು ನಿಮಗಾಗಿ ಮಾಡಲು ತೊಡಗುತ್ತಾರೆ.

ಹಳೇ ಪ್ರೇಕ್ಷಕ:

ಕಣ್ಣು ಬರೆಯುವ ಮುಂಚಿನ ಮೌನದ ಬಗ್ಗೆ ಅವರನ್ನು ಕೇಳುವುದಾದರೆ ಆ ಹೊತ್ತಿನಲ್ಲಿ ಬೇಡ. ಚಿತ್ರೀಕರಿಸಿದ ತುಣುಕನ್ನೇ ಸಂಜೆ ಲ್ಯಾಪ್‌ಟಾಪಿನಲ್ಲಿ ತೋರಿಸಿ, ಅದನ್ನು ನೋಡುತ್ತಾ ಅವರು ಆಡುವ ಮಾತನ್ನು ಮಾತ್ರ ರೆಕಾರ್ಡ್ ಮಾಡಿಕೊಳ್ಳಿ. ನಿಮಗೆ ವಿವರಣೆಯ ಕಂಠ ಬೇಕಾದರೆ ಅದೇ ಸಾಕಾಗುತ್ತದೆ. ಕಚ್ಚಾ ದೃಶ್ಯಗಳ ಒಂದು ಪ್ರತಿಯನ್ನು ಮನೆಯವರಿಗೆ ಕೊಡಿ, ಅಂಟು ಮತ್ತು ಬಣ್ಣದ ಹದದಲ್ಲಿ ಹೊರಗೆ ತೋರಿಸಬಾರದ್ದು ಏನಾದರೂ ಇದೆಯೇ ಎಂಬುದನ್ನು ಸಂಕಲನಕ್ಕೆ ಕೂರುವ ಮೊದಲೇ ಅವರಿಂದ ಕೇಳಿ ತಿಳಿದುಕೊಳ್ಳಿ.