ರಗಳೆ, ಗೋಜಲು, ಕಗ್ಗಂಟು: ಬೇಕಿಲ್ಲದ ತೊಡಕಿಗೆ ಯಾವ ಪದ?

ಬಲ್ಲವರಲ್ಲಿ ಒಂದು ಪ್ರಶ್ನೆ. ಎರಡು ನಿಮಿಷದಲ್ಲಿ ಮುಗಿಯಬೇಕಾದ ಕೆಲಸವನ್ನು ಯಾರೋ ಸುಮ್ನೆ ತೊಡಕು ಮಾಡಿರುತ್ತಾರಲ್ಲ, ಅಂಥದ್ದಕ್ಕೆ ನಿಮ್ಮ ಕಡೆ ಏನನ್ನುತ್ತೀರಿ? ನನಗೆ ಬೇಕಿರುವುದು ಒಂದೇ ಪದ. ‘ಇದು ಇಂಥಾ ಫಾರಂ’ ಎಂದು ಬರೆಯಬೇಕು, ಆ ‘ಇಂಥಾ’ ಇರುವ ಜಾಗದಲ್ಲಿ ಕೂರುವಂಥದ್ದು.

ಪ್ರಶ್ನೆ ಹುಟ್ಟಿದ್ದು ಹೀಗೆ. ನಾನಿರುವುದು ಕಾರವಾರದಲ್ಲಿ, ಮನೆ ಶಿರಸಿ ಹತ್ತಿರ. ಹೋದ ತಿಂಗಳು ಮನೆಗೆ ಹೋದಾಗ ಆಯಿ ಒಂದು ಫಾರಂ ಮುಂದಿಟ್ಟಳು. ಒಂದು ಕಚೇರಿಯಿಂದ ಬಂದದ್ದು, ತೋಟಕ್ಕೆ ಸಂಬಂಧಪಟ್ಟದ್ದು. ಮೊದಲು ಅರ್ಜಿದಾರರ ಹೆಸರು. ಆಮೇಲೆ ಖಾತೆದಾರರ ಹೆಸರು. ಆಮೇಲೆ ಫಲಾನುಭವಿಯ ಹೆಸರು. ಕೊನೆಗೆ ‘ಸದರಿ ಮೇಲ್ಕಂಡವರ ಹೆಸರು’. ನಾಲ್ಕೂ ಕಡೆ ಆಯಿಯೇ. ಕಾಲಂ 7ರಲ್ಲಿ ‘ಕಾಲಂ 11 ನೋಡುವುದು’ ಎಂದಿತ್ತು. 11ಕ್ಕೆ ಹೋದರೆ ‘ಕಾಲಂ 7ರಲ್ಲಿ ತಿಳಿಸಿದಂತೆ’. ಕನ್ನಡಕ ತೆಗೆದಿಟ್ಟು ಆಯಿ ಹೇಳಿದಳು: ‘ಎಂತಾ ರಗಳೆ ಮಾಡಿಟ್ಟಿದ್ವೋ ತಮಾ ಇದು!’

ಆ ಕಚೇರಿಗೆ ಒಂದು ಪತ್ರ ಬರೆಯೋಣ ಎಂದು ಕೂತೆ. ಮೊದಲ ಸಾಲಲ್ಲೇ ಪೆನ್ನು ನಿಂತಿತು.

‘ಸಂಕೀರ್ಣ’ ಎಂದು ಬರೆದು ಹೊಡೆದು ಹಾಕಿದೆ. ಅದರಲ್ಲಿ ಬೈಗುಳವೇ ಇಲ್ಲ. ಹಲವು ಸಂಗತಿ ಒಂದರೊಳಗೊಂದು ಬೆರೆತಿದೆ ಅಂತಷ್ಟೇ. ತಾಳದಲ್ಲಿ ಒಂಬತ್ತು ಎಣಿಕೆಯ ಜಾತಿಗೆ ಸಂಕೀರ್ಣ ಎನ್ನುತ್ತಾರೆ, ಅದು ಮರ್ಯಾದೆಯ ಮಾತು. ಪೇಟೆಯಲ್ಲಿ ಅಂಗಡಿ ಸಾಲು ಕಟ್ಟಿದರೆ ‘ವಾಣಿಜ್ಯ ಸಂಕೀರ್ಣ’. ಫಾರಂ ಮಾಡಿದವರು ಇದನ್ನು ಓದಿದರೆ ಖುಷಿಪಟ್ಟಾರು! ‘ಜಟಿಲ’ವೂ ಆಗಲಿಲ್ಲ. ಜಟೆ ಇರುವುದು ಜಟಿಲ. ಜಟೆ ತನ್ನಷ್ಟಕ್ಕೆ ಗಂಟು ಕಟ್ಟಿಕೊಳ್ಳುತ್ತದೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಕಾಯಿಲೆ ಜಟಿಲವಾಗಬಹುದು, ಗಡಿ ತಕರಾರು ಜಟಿಲವಾಗಬಹುದು. ನಾಲ್ಕು ಸಲ ಹೆಸರು ಕೇಳುವುದರಲ್ಲಿ ಜಟಿಲ ಏನಿದೆ?

‘ಕ್ಲಿಷ್ಟ’ ಓದಿಗೆ ಸಂಬಂಧಪಟ್ಟದ್ದು. ಇಲ್ಲೊಂದು ಅಡ್ಡಮಾತು. ಓದಲು ಕಷ್ಟವಾದ ಕಾವ್ಯಕ್ಕೆ ಹಳಬರು ನಾರಿಕೇಳ ಪಾಕ ಎಂದರು. ತೆಂಗಿನಕಾಯಿ ಸುಲಿಯಬೇಕು, ಒಡೆಯಬೇಕು, ಆದರೆ ಒಳಗೆ ತಿರುಳಿದೆ ಅಂತ ನಂಬಿಕೆ. ಜನ ಹೇಳುವ ಕಬ್ಬಿಣದ ಕಡಲೆ ಬೇರೆ. ಹಲ್ಲು ಮುರಿದುಕೊಂಡರೂ ಏನೂ ಸಿಗದು. ನಮ್ಮ ಫಾರಂ ಕಡಲೆಯ ಜಾತಿ. ಆದರೆ ಕಬ್ಬಿಣದ ಕಡಲೆ ಎಂದರೆ ಬರೀ ಕಷ್ಟ ಅಂತಾಯಿತು, ಬೇಕಂತಲೇ ಮಾಡಿದ ಕಷ್ಟ ಎಂಬುದು ಬರಲಿಲ್ಲ. ಕಗ್ಗಂಟಿನದೂ ಅದೇ ಕತೆ.

ಈಗ ಆಯಿಯ ‘ರಗಳೆ’ಗೆ ಬರುತ್ತೇನೆ. ಹರಿಹರ ಶರಣರ ಕತೆ ಹೇಳಿದ್ದೂ ರಗಳೆಯಲ್ಲೇ. ಆ ರಗಳೆಗೆ ಪದ್ಯದ ಹಾಗೆ ಇಷ್ಟೇ ಸಾಲಿಗೆ ಮುಗಿಯಬೇಕೆಂಬ ಕಟ್ಟಿಲ್ಲ, ಹೇಳಿದಷ್ಟೂ ಹರಿಯುತ್ತದೆ. ಕಚೇರಿ ಕಡತಕ್ಕೂ ಅದೇ ಗುಣ ಇರುವುದರಿಂದ ಹೆಸರು ಚೆನ್ನಾಗಿಯೇ ಹೊಂದುತ್ತದೆ. ಆದರೆ ನಮ್ಮ ಕಡೆ ಮಗು ಅತ್ತರೂ ರಗಳೆ, ಮಳೆ ಬಿಡದಿದ್ದರೂ ರಗಳೆ. ಇಲ್ಲಿ ಕಾರವಾರದಲ್ಲಿ ‘ಭಾನಗಡಿ’ ಎನ್ನುವುದನ್ನೂ ಕೇಳಿದ್ದೇನೆ. ಅದರಲ್ಲಿ ಏನೋ ಕದ್ದುಮುಚ್ಚಿದ ವಾಸನೆ ಇದೆ, ಫಾರಂಗೆ ಅಷ್ಟು ದೊಡ್ಡ ಆರೋಪ ಬೇಡ.

ಯೋಚಿಸುತ್ತ ಹೋದರೆ ಆಯಿಯ ಮಾತಿನ ಖಾರ ಇರುವುದು ‘ರಗಳೆ’ಯಲ್ಲಿ ಅಲ್ಲವೇ ಅಲ್ಲ, ‘ಮಾಡಿಟ್ಟಿದ್ವೋ’ (ಅಂದರೆ ‘ಮಾಡಿಟ್ಟಿದ್ದಾರೋ’) ಎಂಬುದರಲ್ಲಿ. ಗೋಜಲಾಗಿದೆ ಎಂದರೆ ತಾನಾಗಿ ಆದದ್ದು. ಗೋಜಲು ಮಾಡಿದ್ದಾರೆ ಎಂದರೆ ಯಾರೋ ಮಾಡಿದ್ದು. ಗೋಜಲು ಮಾಡಿಟ್ಟಿದ್ದಾರೆ ಎಂದರೆ ಮಾಡಿ, ಅಲ್ಲೇ ಬಿಟ್ಟು, ಬಿಡಿಸುವ ಕೆಲಸವನ್ನು ನಮ್ಮ ತಲೆಗೆ ಕಟ್ಟಿ ಹೋಗಿದ್ದಾರೆ. ಈ ಪುಟ್ಟ ‘ಇಟ್ಟ’ ಎಷ್ಟು ಬೈಯುತ್ತದೆ ನೋಡಿ! ಊಟ ಮಾಡಿಟ್ಟಿದ್ದೇನೆ ಎನ್ನುವಾಗ ಇದೇ ‘ಇಟ್ಟ’ ಎಷ್ಟು ಪ್ರೀತಿಯದು, ಅಲ್ವಾ?

ಗಾದೆಗಳಲ್ಲೂ ಹುಡುಕಿದೆ. ‘ಕೊಂಕಣ ಸುತ್ತಿ ಮೈಲಾರಕ್ಕೆ ಬಂದ’ ಎಲ್ಲರಿಗೂ ಗೊತ್ತು. ಕಷ್ಟ ಏನೆಂದರೆ ನಾನು ಕೂತಿರುವುದೇ ಕೊಂಕಣದಲ್ಲಿ. ಇಲ್ಲಿಂದ ಮೈಲಾರಕ್ಕೆ ಹೊರಟವನು ಕೊಂಕಣ ದಾಟದೆ ಇನ್ನೆಲ್ಲಿಂದ ಹೋಗಬೇಕು? ಇತ್ತ ಮರಾಠಿಯಲ್ಲಿ ‘ದ್ರಾವಿಡಿ ಪ್ರಾಣಾಯಾಮ’ ಎಂಬ ಮಾತಿದೆ. ಮೂಗು ಹಿಡಿಯಲು ಕೈಯನ್ನು ತಲೆಯ ಹಿಂದಿನಿಂದ ಸುತ್ತಿ ತರುವುದು. ಅಂದರೆ ಮರಾಠಿಯವರಿಗೆ ನಾವು ದ್ರಾವಿಡರು, ಮೈಲಾರದ ಕಡೆಯವರಿಗೆ ಕೊಂಕಣದವರು. ಸುತ್ತಿ ಬಳಸುವ ಅಪವಾದ ಎರಡು ಕಡೆಯಿಂದಲೂ ಕಾರವಾರದವರಿಗೇ!

ಇದೇ ಗುಂಗಿನಲ್ಲಿ ಮೊನ್ನೆ ಸಂಜೆ ಬೈತಖೋಲ ಬಂದರಿನ ಕಡೆ ಹೋಗಿದ್ದೆ. ಒಬ್ಬರು ಬಲೆಯ ಅಂಚನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದು ಬಿಡಿಸುತ್ತ ಕೂತಿದ್ದರು. ಒಂದು ಏಡಿ ಬಲೆಯೊಳಗೆ ಹೊರಳಾಡಿ ಹತ್ತಾರು ಕಣ್ಣುಗಳನ್ನು ಒಂದೇ ಮುದ್ದೆ ಮಾಡಿತ್ತು. ಅವರು ಮುರಿದ ಏಡಿಕಾಲು ಒಂದೊಂದೇ ಹೆಕ್ಕಿ, ಉಗುರಿನಲ್ಲಿ ನೂಲು ಮೀಟಿ, ಒಂದು ಕಣ್ಣು ಬಿಚ್ಚಿದ ಮೇಲೆ ಇನ್ನೊಂದಕ್ಕೆ ಹೋಗುತ್ತಿದ್ದರು. ‘ಬಲೆಯೇ ಒಂದು ದೊಡ್ಡ ಗೋಜಲು, ಅಲ್ವಾ?’ ಎಂದೆ. ಅವರು ತಲೆ ಎತ್ತಲಿಲ್ಲ. ‘ಬಲೆಗೆ ಸಾವಿರ ಗಂಟು ಇರ್ತದೆ, ಅದು ಗೋಜಲಲ್ಲ. ಗೋಜಲು ಈ ಏಡಿ ಮಾಡಿಟ್ಟದ್ದು.’

ಅಲ್ಲೂ ‘ಮಾಡಿಟ್ಟದ್ದು’! ಘಟ್ಟದ ಮೇಲೂ ಅದೇ, ಕೆಳಗೂ ಅದೇ.

ಹಾಗಾಗಿ ಸದ್ಯಕ್ಕೆ ಪತ್ರದಲ್ಲಿ ‘ಗೋಜಲು ಮಾಡಿಟ್ಟ ಫಾರಂ’ ಎಂದು ಬರೆದಿದ್ದೇನೆ. ಅರ್ಥ ಸರಿ ಇದೆ, ಆದರೆ ಒಂದೇ ಪದ ಆಗಲಿಲ್ಲ. ‘ಸುತ್ತುಬಳಸಿನ ಫಾರಂ’ ಎಂದರೆ ಚಿಕ್ಕದಾಗುತ್ತದೆ, ಆದರೆ ಸುತ್ತುಬಳಸು ಎಂದರೆ ನನಗೆ ದಾರಿ ಮತ್ತು ಮಾತು ಮಾತ್ರ ನೆನಪಾಗುತ್ತದೆ. ಧಾರವಾಡ, ಮೈಸೂರು, ಕುಂದಾಪುರ ಕಡೆಯವರು ದಯವಿಟ್ಟು ಹೇಳಿ: ವಸ್ತುವಿಗೂ ‘ಸುತ್ತುಬಳಸಿನ’ ಎನ್ನುತ್ತೀರಾ? ಇಲ್ಲವಾದರೆ ಇನ್ಯಾವ ಪದ ಇದೆ? ಸೋಮವಾರದೊಳಗೆ ತಿಳಿಸಿದರೆ ಒಳ್ಳೆಯದು. ಫಾರಂ ಕೊಡಲು ಅಂದೇ ಕೊನೆಯ ದಿನ, ಪತ್ರವನ್ನೂ ಅದರ ಜೊತೆಗೇ ಪಿನ್ ಹೊಡೆದು ಕೊಡಬೇಕು ಅಂದುಕೊಂಡಿದ್ದೇನೆ.