ಮ್ಯಾಕ್ರೊಸೈಕಲ್‌ಗೆ ಕನ್ನಡ ಪದ: ಬೃಹಚ್ಚಕ್ರವೋ, ಹಿರಿಯುಂಗುರವೋ?

ಮಾನ್ಯರೇ,

ಕಾರ್ಖಾನೆಗಳ ತ್ಯಾಜ್ಯನೀರಿನಿಂದ ಲೋಹಗಳನ್ನು ಬೇರ್ಪಡಿಸುವ ಬಗೆಯನ್ನು ಕುರಿತು ಪದವಿ ವಿದ್ಯಾರ್ಥಿಗಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಎರಡು ಪದಗಳ ವಿಷಯದಲ್ಲಿ ತಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಮ್ಯಾಕ್ರೊಸೈಕಲ್’. ಸಾಮಾನ್ಯವಾಗಿ 12 ಅಥವಾ ಹೆಚ್ಚು ಪರಮಾಣುಗಳು ಬಳೆಯಂತೆ ಕೂಡಿಕೊಂಡ ಅಣುವಿಗೆ ಈ ಹೆಸರು. ‘ಬೃಹತ್ ಚಕ್ರೀಯ ಅಣು’ ಎಂದು ಬರೆದರೆ ಬೃಹತ್ ಎಂಬ ವಿಶೇಷಣ ಚಕ್ರಕ್ಕೆ ಸೇರಿದ್ದೋ ಅಣುವಿಗೆ ಸೇರಿದ್ದೋ ತಿಳಿಯದು. ಪಾಲಿಮರ್‌ಗಳಂಥವುಗಳಿಗೆ ‘ಬೃಹದಣು’ ಎಂಬ ಪದ ಮೊದಲೇ ಬಳಕೆಯಲ್ಲಿರುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಇಲ್ಲಿ ದೊಡ್ಡದು ಉಂಗುರವೇ ಹೊರತು ಅಣುವಲ್ಲ: ಇಂಥ ಅಣುಗಳಲ್ಲೊಂದಾದ ‘18-ಕ್ರೌನ್-6’ ಈಥರ್‌ನ ಅಣುತೂಕ ಸುಮಾರು 264 ಮಾತ್ರ. ಸಂಧಿ ಮಾಡಿ ‘ಬೃಹಚ್ಚಕ್ರ’ ಎಂದರೆ ಅನ್ವಯ ಸರಿಹೋಗುತ್ತದೆ, ಆದರೆ ಚಕ್ರವೆಂದೊಡನೆ ಉರುಳುವ ಗಾಲಿಯೇ ಕಣ್ಣಮುಂದೆ ಬರುತ್ತದೆ. ‘ವಲಯ’ಕ್ಕೆ ಬಳೆಯೆಂಬ ಅರ್ಥವಿದ್ದರೂ ಇಂದು ಅದು ರೈಲ್ವೆಗೂ ಅರಣ್ಯ ಇಲಾಖೆಗೂ ಸಂದುಹೋಗಿದೆ.

ನನ್ನ ಒಲವು ‘ಹಿರಿಯುಂಗುರ’ದ ಕಡೆಗಿದೆ. ಉಂಗುರವು ಬೆರಳಿನ ಅಳತೆಗೆ ಒಪ್ಪಬೇಕಾದಂತೆ ಈ ಅಣುವೂ ತಾನು ಒಳಗೆ ಹಿಡಿಯುವ ಅಯಾನಿನ, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುವಿನ, ಅಳತೆಗೆ ಒಪ್ಪಬೇಕು. ಮೇಲೆ ಹೇಳಿದ ಈಥರ್‌ನ 18 ಪರಮಾಣುಗಳ ಬಳೆಯಲ್ಲಿ ಒಳಮುಖವಾಗಿ ನಿಂತ 6 ಆಕ್ಸಿಜನ್‌ಗಳ ನಡುವೆ ಪೊಟ್ಯಾಸಿಯಂ ಅಯಾನು ಹದವಾಗಿ ಕೂರುತ್ತದೆ. ಸೋಡಿಯಂ ಸಡಿಲವಾಗುತ್ತದೆ, ಸೀಸಿಯಂ ಒಳಗೆ ಹಿಡಿಸುವುದಿಲ್ಲ. ಆಕ್ಸಿಜನ್ನಿನ ಜಾಗದಲ್ಲಿ ಗಂಧಕವನ್ನಿಟ್ಟರೆ ಅದೇ ಉಂಗುರ ಪಾದರಸ, ಬೆಳ್ಳಿಗಳನ್ನು ಆರಿಸಿಕೊಳ್ಳುತ್ತದೆ. ‘ಕ್ರೌನ್’ ಎಂಬುದನ್ನು ಮಾತ್ರ ‘ಕಿರೀಟ’ವೆಂದೇ ಉಳಿಸಿಕೊಳ್ಳಬೇಕು. 1967ರಲ್ಲಿ ಈ ಕ್ರೌನ್ ಈಥರ್‌ಗಳನ್ನು ಪ್ರಕಟಿಸಿದ, 1987ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಚಾರ್ಲ್ಸ್ ಪೆಡರ್ಸನ್, ಅಣುವಿನ ಆಕಾರವನ್ನೂ ಅದು ಅಯಾನಿಗೆ ಕಿರೀಟ ತೊಡಿಸಿ ತೆಗೆಯಬಲ್ಲುದೆಂಬುದನ್ನೂ ನೋಡಿಯೇ ಆ ಹೆಸರಿಟ್ಟರು.

ಆ ‘ತೆಗೆಯುವ’ ಹಂತವೇ ನನ್ನ ಎರಡನೆಯ ತೊಡಕು. ಈ ಉಂಗುರಗಳನ್ನು ಸಿಲಿಕಾ ಕಣಗಳಿಗೆ ಅಂಟಿಸಿ, ಕೊಳವೆಯಲ್ಲಿ ತುಂಬಿ, ತ್ಯಾಜ್ಯನೀರನ್ನು ಹಾಯಿಸಿದಾಗ ಬೇಕಾದ ಲೋಹ ಸಿಕ್ಕಿಕೊಳ್ಳುತ್ತದೆ. ಅನಂತರ ತಕ್ಕ ಆಮ್ಲದ ದ್ರಾವಣದಿಂದ ತೊಳೆದರೆ ಅದು ಬಿಡಿಸಿಕೊಂಡು ಕೈಗೆ ಬರುತ್ತದೆ. ಇಂಗ್ಲಿಷಿನಲ್ಲಿ ‘ರಿಕವರಿ’ ಎನ್ನುವ ಇದನ್ನು ‘ಲೋಹದ ಚೇತರಿಕೆ’ ಎಂದು ಬರೆಯುವುದು ಸಲ್ಲದು, ಚೇತರಿಸಿಕೊಳ್ಳುವವನು ರೋಗಿ. ‘ಹಿಂಪಡೆಯುವುದು’ ಎಂದರೆ ಅರ್ಜಿಯನ್ನು ವಾಪಸು ಪಡೆದಂತೆ ಕೇಳಿಸುತ್ತದೆ. ಸದ್ಯಕ್ಕೆ ‘ಮರುಗಳಿಕೆ’ ಎಂದು ಬರೆದಿಟ್ಟಿದ್ದೇನೆ.

ಕಪ್ಪತಗುಡ್ಡದ ಸೀಮೆಯ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣಗಳನ್ನು ಹೆಕ್ಕುತ್ತಿದ್ದವರನ್ನು ಜಲಗಾರರೆಂದು ಕರೆಯುತ್ತಿದ್ದರು. ನೀರಿನಿಂದ ಲೋಹವನ್ನು ಹೀಗೆ ಕೈಗೆ ತಂದುಕೊಳ್ಳುವ ಕೆಲಸಕ್ಕೆ ಅವರ ಮಾತಿನಲ್ಲಿದ್ದ ಕ್ರಿಯಾಪದ ಯಾವುದೆಂದು ಆ ಭಾಗದವರು ತಿಳಿಸಿದರೆ, ನನ್ನ ‘ಮರುಗಳಿಕೆ’ಯನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.