ಟರ್ಬೋ 407ಕ್ಕೆ ಯಾವ ರಿಂಗ್ ಸೆಟ್ ಹಾಕಿಸಲಿ? ಕ್ರೋಮಾ, ಮಾಲಿಯಾ?

ತಿಕೋಟಾ ಗಾಡಿ:

ನಮಸ್ಕಾರ ಎಲ್ಲರಿಗೂ. ನನ್ನದು ಟರ್ಬೋ ಇರುವ ಟಾಟಾ 407 ಲೋಡ್ ಗಾಡಿ, 497 ಇಂಜಿನ್. ತಿಕೋಟಾ ಸುತ್ತಲಿನ ಶೆಡ್‌ಗಳಿಂದ ಒಣದ್ರಾಕ್ಷಿ ತುಂಬಿಕೊಂಡು ತಾಸಗಾಂವ್ ಮಾರ್ಕೆಟ್‌ಗೆ ಹೊಡೆಯುತ್ತೇನೆ. ಹೋದ ಸೀಸನ್‌ನಿಂದ ಗಾಡಿ ಆಯಿಲ್ ಕುಡಿಯುತ್ತಿದೆ. ಲೋಡ್ ಮೇಲೆ ನೀಲಿ ಹೊಗೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಭುಸ್ ಭುಸ್ ಅಂತ ಗಾಳಿ ಮುಖಕ್ಕೇ ಬರುತ್ತದೆ.

ಈಗ ವಿಜಯಪುರದಲ್ಲಿ ಬಿಚ್ಚಿಸಿದ್ದೇನೆ. ಎರಡನೇ ಪಿಸ್ಟನ್ನಿನ ಮೇಲಿನ ರಿಂಗ್ ಎರಡು ತುಂಡಾಗಿ ಬಂತು. ಉಳಿದವು ಗ್ರೂವ್‌ನಲ್ಲಿ ಕಾರ್ಬನ್ ಕಟ್ಟಿ ಅರ್ಧ ಹಿಡಿದುಕೊಂಡಿದ್ದವು. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್) ಒಳಗೆ ಬೆರಳು ಆಡಿಸಿದರೆ ಮೇಲ್ಗಡೆ ಉಗುರಿಗೆ ಸಣ್ಣ ಮೆಟ್ಟಿಲು ಸಿಗುತ್ತದೆ. ಆದರೂ ಮಿಸ್ತ್ರಿ "ಬರೀ ರಿಂಗ್ ಹಾಕಿ ಕೂಡಿಸಿಬಿಡೋಣ" ಅಂತಾರೆ.

ಅಂಗಡಿಯವರು ಮೂರು ಸೆಟ್ ಮುಂದಿಟ್ಟರು. ಒಂದು ಕ್ರೋಮ್ ಕೋಟಿಂಗಿನದು, ಒಂದು ಮಾಲಿ (ಮಾಲಿಬ್ಡಿನಂ) ಕೋಟಿಂಗಿನದು, ಇನ್ನೊಂದು ಹೆಸರೇ ಇಲ್ಲದ ಡಬ್ಬಿ, ರೇಟು ಹೆಚ್ಚುಕಮ್ಮಿ ಅರ್ಧ. ನಮ್ಮ ಅಳಿಯ ಮೊಬೈಲ್ ನೋಡಿ, ಟರ್ಬೋ ಇದ್ದರೆ ರಿಂಗಿನ ಎರಡು ತುದಿಗಳ ನಡುವೆ ಬೋರಿನ ಇಂಚಿಗೆ 6 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಗ್ಯಾಪ್ ಬಿಡಬೇಕು ಅಂತ ಬೇರೆ ಹೇಳುತ್ತಿದ್ದಾನೆ. ದ್ರಾಕ್ಷಿ ಕಟಾವು ಶುರುವಾಗುವುದರೊಳಗೆ ಗಾಡಿ ಹೊರಗೆ ಬರಬೇಕು. ತಿಳಿದವರು ಹೇಳಿ.

ಎನ್‌ಎಚ್ ಪರವಾನಗಿ:

ಹೆಸರಿಲ್ಲದ ಡಬ್ಬಿ ಅಂಗಡಿಯವರಿಗೇ ವಾಪಸ್ ಕೊಡಿ. ರಿಂಗ್‌ನಲ್ಲಿ ಉಳಿಸಿದ ದುಡ್ಡು ಆಯಿಲ್ ಕ್ಯಾನಿಗೆ ಹೋಗುತ್ತೆ ಅಷ್ಟೇ. ಉಳಿದಿದ್ದಕ್ಕೆ ಉದ್ಯಮಬಾಗದ ಕಾಕಾ ಬರ್ತಾರೆ, ತಡೀರಿ.

ಉದ್ಯಮಬಾಗ ಬೋರಿಂಗ್:

ಬಂದೆ. ಬೆಳಗಾವಿ ಉದ್ಯಮಬಾಗದಲ್ಲಿ ಬೋರಿಂಗ್ (ಬೋರ್ ಕೊರೆದು ಅಳತೆಗೆ ತರುವುದು), ಹೋನಿಂಗ್ (ಬೋರ್ ಗೋಡೆ ಉಜ್ಜಿ ಸಣ್ಣ ಗೆರೆ ಹಾಕುವುದು) ಮಾಡಿಕೊಂಡೇ ತಲೆ ಬೆಳ್ಳಗಾಗಿದೆ. ನೋಡ್ರಿ, ಕ್ರೋಮಾ ಮಾಲಿಯಾ ಅನ್ನೋದು ಕೊನೆಗೆ ಕೇಳುವ ಪ್ರಶ್ನೆ. ರಿಂಗ್ ಕೂರುವುದು ಪಿಸ್ಟನ್ ಗ್ರೂವ್‌ನಲ್ಲಿ, ಓಡಾಡುವುದು ಬೋರ್ ಗೋಡೆಯ ಮೇಲೆ. ಇವೆರಡೂ ಸರಿ ಇಲ್ಲದಿದ್ದರೆ ಬಂಗಾರದ ರಿಂಗ್ ಹಾಕಿದರೂ ಹೊಗೆ ನಿಲ್ಲುವುದಿಲ್ಲ.

ಮೊದಲು ಗ್ರೂವ್. 497 ಅಂದರೆ 4 ಸಿಲಿಂಡರ್, 97 ಎಂ.ಎಂ. ಬೋರ್. ಟರ್ಬೋ ಇಲ್ಲದ 497ಕ್ಕೂ ಬೋರ್ ಅಷ್ಟೇ. ಹಾಗಾಗಿ ಅಂಗಡಿಯಲ್ಲಿ ಬರೀ "97 ಬೋರ್ ರಿಂಗ್" ಅಂತ ಕೇಳಿದರೆ ಯಾವುದು ಬೇಕಾದರೂ ಕೈಗೆ ಬರಬಹುದು. ಟರ್ಬೋ ಡೀಸೆಲ್ ಪಿಸ್ಟನ್‌ಗಳಲ್ಲಿ ಮೇಲಿನ ರಿಂಗ್ ಎಷ್ಟೋ ಸಲ ಕೀಸ್ಟೋನ್ ಇರುತ್ತದೆ. ಹೊರಗೆ ದಪ್ಪ, ಒಳಗೆ ತೆಳು, ಗ್ರೂವ್ ಕೂಡ ಅದೇ ಓರೆ. ಟರ್ಬೋ ಬಿಸಿಗೆ ಗ್ರೂವ್‌ನ ಆಯಿಲ್ ಸುಟ್ಟು ಕಾರ್ಬನ್ ಆಗುತ್ತದೆ. ಪಿಸ್ಟನ್ ಆಚೀಚೆ ವಾಲಿದಾಗ ಓರೆ ರಿಂಗ್ ಒಳಗೆ ಹೊರಗೆ ಸರಿಯುತ್ತದೆ, ಸಂದಿ ಹೆಚ್ಚುಕಮ್ಮಿ ಆಗಿ ಆ ಕಾರ್ಬನ್ ಪುಡಿಯಾಗಿ ಉದುರುತ್ತದೆ. ನೇರ ರಿಂಗ್‌ಗೆ ಆ ಗುಣ ಕಮ್ಮಿ. ಓರೆ ಗ್ರೂವ್‌ಗೆ ನೇರ ರಿಂಗ್ ಹಾಕಿದರಂತೂ ಅದು ಅಲ್ಲಿ ಕೂರುವುದೇ ಇಲ್ಲ. ಮುರಿದ ಆ ತುಂಡನ್ನೇ ತೊಳೆದು, ಹೊರ ಅಂಚು ಮತ್ತು ಒಳ ಅಂಚಿನ ದಪ್ಪ ಮೈಕ್ರೋಮೀಟರ್‌ನಲ್ಲಿ ನೋಡಿ. ವ್ಯತ್ಯಾಸ ಇದ್ದರೆ ಕೀಸ್ಟೋನ್. ಆ ಪಿಸ್ಟನ್ನಿನ ಪಾರ್ಟ್ ನಂಬರ್ ಹೇಳಿಯೇ ರಿಂಗ್ ಕೇಳಿ.

ಆಮೇಲೆ ಬೋರ್. ಉಗುರಿಗೆ ಮೆಟ್ಟಿಲು ಸಿಗುತ್ತೆ ಅಂದಿರಿ. ಬೋರ್ ಡಯಾ ಎಷ್ಟು ಸವೆದಿದೆಯೋ ಅದರ 3.14 ಪಟ್ಟು ರಿಂಗ್ ಗ್ಯಾಪ್ ಜಾಸ್ತಿಯಾಗುತ್ತದೆ. 0.10 ಎಂ.ಎಂ. ಸವೆದರೆ ಗ್ಯಾಪ್ 0.31 ಎಂ.ಎಂ. ಬೆಳೆಯಿತು. ಅದೂ ಮೇಲೆ ಅಗಲ, ಕೆಳಗೆ ಬಿಗಿ. ಹೊಸ ರಿಂಗ್ ಪ್ರತಿ ಸ್ಟ್ರೋಕ್‌ಗೂ ತೆರೆದು ಮುಚ್ಚಿ ಗ್ರೂವ್ ತಿನ್ನುತ್ತದೆ. ಮೇಲಿನ ಮೆಟ್ಟಿಲಿಗೆ ಹೊಸ ರಿಂಗ್‌ನ ಚೂಪು ಅಂಚು ಬಡಿದರೆ ಮತ್ತೆ ತುಂಡು. ಬೋರ್ ಗೇಜ್‌ನಲ್ಲಿ ಮೇಲೆ, ನಡುವೆ, ಕೆಳಗೆ, ಎರಡೂ ದಿಕ್ಕಿನಲ್ಲಿ ಅಳೆಸಿ ಇಲ್ಲಿ ಬರೆಯಿರಿ. ಬೋರ್ ನೋಡದೆ ರಿಂಗ್ ಹೇಳುವವನು ಮಿಸ್ತ್ರಿ ಅಲ್ಲ, ವ್ಯಾಪಾರಿ.

ಅಳಿಯನ 6 ಥೌ ಲೆಕ್ಕ ಬೂಸ್ಟ್ (ಟರ್ಬೋ ತುಂಬುವ ಗಾಳಿಯ ಒತ್ತಡ) ಏರಿಸಿದ ಪೆಟ್ರೋಲ್ ಇಂಜಿನ್‌ಗಳದ್ದು. 97 ಎಂ.ಎಂ.ಗೆ ಹಾಕಿದರೆ 0.58 ಎಂ.ಎಂ. ಆಯಿತು. ನಿಮ್ಮದು ಕಂಪನಿ ಬೂಸ್ಟಿನಲ್ಲೇ ಓಡುವ ಲೋಡ್ ಗಾಡಿ, ವರ್ಕ್‌ಶಾಪ್ ಪುಸ್ತಕದ ಅಂಕಿಯೇ ಕೊನೆ ಮಾತು. ಹುಡುಗ ಕೇಳಿದ್ದರಲ್ಲಿ ಒಂದು ನಿಜ ಇದೆ: ಟರ್ಬೋದಲ್ಲಿ ಗ್ಯಾಪ್ ತೀರಾ ಬಿಗಿ ಇರಬಾರದು. ಬಿಸಿಗೆ ರಿಂಗ್ ಹಿಗ್ಗಿ ಎರಡು ತುದಿ ಒಂದಕ್ಕೊಂದು ಒತ್ತಿಕೊಂಡರೆ ಬೋರ್ ಗೀಚುತ್ತದೆ, ರಿಂಗ್ ಮುರಿಯುತ್ತದೆ, ಕೆಲವು ಸಲ ಪಿಸ್ಟನ್ ಲ್ಯಾಂಡ್ (ಗ್ರೂವ್‌ಗಳ ನಡುವಿನ ಏಣು) ಸಮೇತ.

ತಿಕೋಟಾ ಗಾಡಿ:

ಕಾಕಾ, ಗ್ಯಾಪ್ ನೋಡುವುದು ಹೇಗೆ ಅಂತಲೂ ಬರೆಯಿರಿ. ನಮ್ಮ ಮಿಸ್ತ್ರಿ "ಡಬ್ಬಿಯಿಂದ ಬಂದಿದ್ದು ಸರಿನೇ ಇರುತ್ತೆ" ಅಂತಾರೆ.

ಉದ್ಯಮಬಾಗ ಬೋರಿಂಗ್:

ಬಹಳ ಸಲ ಇರುತ್ತದೆ. ನೋಡುವುದಕ್ಕೆ ಕಾಸು ಬೇಕಾ? ರಿಂಗನ್ನು ಬೋರ್‌ಗೆ ಇಳಿಸಿ, ಪಿಸ್ಟನ್ ತಲೆ ಕೆಳಗೆ ಮಾಡಿ ಅದರಿಂದ ಒಳಗೆ ತಳ್ಳಿ. ಆಗ ರಿಂಗ್ ಸೊಟ್ಟ ಆಗದೆ ಸಮ ಕೂರುತ್ತದೆ. ಎರಡು ತುದಿಗಳ ಸಂದಿಯಲ್ಲಿ ಫೀಲರ್ ಗೇಜ್ (ದಪ್ಪ ಗುರುತಿರುವ ತೆಳು ಪಟ್ಟಿ) ಆಡಿಸಿದರೆ ಸ್ವಲ್ಪ ಹಿಡಿದು ಹಿಡಿದು ಬರಬೇಕು. ಯಾವ ರಿಂಗ್ ಯಾವ ಬೋರ್‌ನಲ್ಲಿ ನೋಡಿದಿರೋ ಅಲ್ಲಿಗೇ ಹಾಕಿ, ಬೆರಸಬೇಡಿ. ಕಮ್ಮಿ ಇದ್ದರೆ ಒಂದೇ ತುದಿ ಅರದಿಂದ ಉಜ್ಜಬೇಕು, ಹೊರಗಿನಿಂದ ಒಳಗೆ ಮಾತ್ರ. ಒಳಗಿನಿಂದ ಹೊರಗೆ ಎಳೆದರೆ ಕೋಟಿಂಗ್ ಚಕ್ಕೆ ಎದ್ದುಬಿಡುತ್ತದೆ. ಎರಡನೇ ರಿಂಗ್‌ಗೆ ಪುಸ್ತಕದಲ್ಲಿ ಜಾಸ್ತಿ ಗ್ಯಾಪ್ ಕೊಟ್ಟಿದ್ದರೆ ತಪ್ಪು ಅಂದುಕೊಳ್ಳಬೇಡಿ. ಮೇಲಿನಿಂದ ನುಸುಳಿದ ಗ್ಯಾಸ್ ನಡುವೆ ಸಿಕ್ಕಿಕೊಂಡರೆ ಮೇಲಿನ ರಿಂಗನ್ನೇ ಎತ್ತಿಬಿಡುತ್ತದೆ, ಅದಕ್ಕೆ ದಾರಿ ಬೇಕು.

ಕೋಟಿಂಗ್ ವಿಷಯ: ಮಾಲಿ ಬೇಗ ಕೂರುತ್ತದೆ, ಅದರ ಸಣ್ಣ ರಂಧ್ರಗಳಲ್ಲಿ ಆಯಿಲ್ ನಿಲ್ಲುತ್ತದೆ, ಬಿಸಿಗೆ ಕಚ್ಚಿಕೊಳ್ಳುವುದು ಕಮ್ಮಿ. ಸ್ವಚ್ಛ ಗಾಳಿಯಲ್ಲಿ ಓಡುವ ಗಾಡಿಗೆ ನಾನು ಅದನ್ನೇ ಹೇಳುತ್ತೇನೆ. ನಿಮ್ಮ ಕಡೆಯ ಎರಿಮಣ್ಣಿನ ಧೂಳಿಗೆ ಕ್ರೋಮ್. ಕೂರುವುದು ನಿಧಾನ, ಆದರೆ ಧೂಳಿಗೆ ತಾಳುತ್ತದೆ. ಹಳೆಯ ಪಿಸ್ಟನ್ನೇ ಇಟ್ಟರೆ ಅದರ ಜೊತೆ ಬಂದಿದ್ದ ಜಾತಿಯ ರಿಂಗೇ ಬರಲಿ. ಹೋನಿಂಗ್ ಮಾಡುವವರಿಗೆ ಯಾವ ರಿಂಗ್ ಅಂತ ಮೊದಲೇ ಹೇಳಿ. ಕ್ರೋಮ್‌ಗೆ ಗೆರೆ ಸ್ವಲ್ಪ ಒರಟು ಬೇಕು, ಮಾಲಿಗೆ ನುಣುಪು.

ಮುಧೋಳ ಗ್ಯಾರೇಜ್:

ಕಾಕಾ ಹೇಳಿದ್ದು ಬರೋಬ್ಬರಿ, ಆದರೆ ಒಂದು ಬಿಟ್ಟರು. ಆ ಬೋರ್ ಯಾಕೆ ಸವೆಯಿತು? ಕಬ್ಬಿನ ಸೀಸನ್‌ನಲ್ಲಿ ನಮ್ಮ ಗ್ಯಾರೇಜಿಗೆ ಬರುವ ಟರ್ಬೋ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಫಿಲ್ಟರ್ ಚೆನ್ನಾಗೇ ಇರುತ್ತೆ. ಫಿಲ್ಟರ್‌ನಿಂದ ಟರ್ಬೋಗೆ ಹೋಗುವ ರಬ್ಬರ್ ಪೈಪು ಕ್ಲ್ಯಾಂಪ್ ಕೆಳಗೆ ಸೀಳಿರುತ್ತೆ. ಅಲ್ಲಿ ಟರ್ಬೋ ಎಳೆಯುವ ಜಾಗ, ಹೊರಗೆ ಸೋರುವುದು ಕಾಣುವುದಿಲ್ಲ, ಧೂಳು ಸುಮ್ನೆ ಒಳಗೆ ಹೋಗುತ್ತಿರುತ್ತೆ. ಪೈಪ್ ಬಿಚ್ಚಿ ಟರ್ಬೋ ಫ್ಯಾನಿನ ಅಂಚು ನೋಡಿ. ಚೂಪು ಹೋಗಿ ಮೊಂಡಾಗಿದ್ದರೆ ಧೂಳು ತಿಂದಿದೆ ಅಂತ ಅರ್ಥ. ಶಾಫ್ಟ್ ಕೂಡ ಅಲ್ಲಾಡಿಸಿ ನೋಡಿ. ಟರ್ಬೋ ಸೀಲ್ ಹೋಗಿದ್ದರೂ ಅದೇ ನೀಲಿ ಹೊಗೆ. ಹೊಸ ರಿಂಗ್ ಹಾಕಿ ಆಮೇಲೆ ರಿಂಗನ್ನು ಬೈಯುವುದು ಬೇಡ.

ತಿಕೋಟಾ ಗಾಡಿ:

ಅಳತೆ ಬಂತು. ಸವೆತ ಜಾಸ್ತಿ ಇರುವುದು ಎರಡನೇ ಬೋರ್: ಮೇಲೆ 97.18, ಕೆಳಗೆ 97.02. ಹಳೆ ರಿಂಗ್ ಕೀಸ್ಟೋನೇ. ಅಂಗಡಿಯ ಹೆಸರಿಲ್ಲದ ಸೆಟ್ ನೇರ ಇತ್ತು! ಮುಧೋಳದ ಅಣ್ಣಾರ, ಪೈಪು ಕ್ಲ್ಯಾಂಪ್ ಕೆಳಗೆ ಬೆರಳು ಹೋಗುವಷ್ಟು ಸೀಳಿದೆ, ಫ್ಯಾನ್ ಅಂಚೂ ಮೊಂಡು. ಶಾಫ್ಟ್ ಮಾತ್ರ ಗಟ್ಟಿ ಇದೆ. ಈಗ ಬರೀ ರಿಂಗ್ ಹಾಕಿ ಒಂದು ಸೀಸನ್ ತಳ್ಳಬಹುದಾ?

ಉದ್ಯಮಬಾಗ ಬೋರಿಂಗ್:

ಮೇಲಿಗೂ ಕೆಳಗೂ 0.16 ವ್ಯತ್ಯಾಸ. ಗ್ಯಾಪಿಗೆ ಅರ್ಧ ಎಂ.ಎಂ. ಅಲ್ಲೇ ಸೇರಿತು. ನನ್ನ ಹತ್ತಿರ ತಂದಿದ್ದರೆ ಬರೀ ರಿಂಗ್ ಹಾಕಲು ಬಿಡುತ್ತಿರಲಿಲ್ಲ. ಲೈನರ್ (ಬ್ಲಾಕ್ ಒಳಗೆ ಕೂರುವ ಬೋರಿನ ಕೊಳವೆ), ಪಿಸ್ಟನ್, ರಿಂಗ್ ಒಂದೇ ಕಿಟ್ ತೆಗೆದುಕೊಳ್ಳಿ, ಟರ್ಬೋದ್ದು ಅಂತ ನಂಬರ್ ನೋಡಿ. ಆಗ ಕ್ರೋಮಾ ಮಾಲಿಯಾ ಅನ್ನುವ ತಲೆನೋವೂ ಇಲ್ಲ, ಕಿಟ್ ಮಾಡಿದವರೇ ಜೋಡಿ ಮಾಡಿರುತ್ತಾರೆ. ಸೀಳಿದ ಪೈಪು ಇವತ್ತೇ ಬಿಸಾಡಿ.

ಹೋನಿಂಗ್ ಆದ ಮೇಲೆ ಬರೀ ಡೀಸೆಲ್‌ನಲ್ಲಿ ಒರೆಸಿ ಕೂಡಿಸಲು ಬಿಡಬೇಡಿ. ಬಿಸಿನೀರು, ಸೋಪು, ಬ್ರಷ್ ಹಾಕಿ ತಿಕ್ಕಬೇಕು. ಒಣಗಿಸಿ, ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಒರೆಸಿದರೆ ಬೂದು ಬಣ್ಣ ಬರಬಾರದು. ಬಂದರೆ ಮತ್ತೆ ತೊಳೆಯಿರಿ. ರಿಂಗ್ ಮೇಲಿನ ಗುರುತು ಮೇಲಕ್ಕೇ ಇರಲಿ. ಎರಡನೆಯದು ತಲೆಕೆಳಗಾದರೆ ಆಯಿಲ್ ಕೆರೆದು ಕೆಳಗೆ ಹಾಕುವ ಬದಲು ಮೇಲಕ್ಕೆ ಎಳೆಯುತ್ತದೆ.

ಮುಧೋಳ ಗ್ಯಾರೇಜ್:

ಸ್ಟಾರ್ಟ್ ಮಾಡುವ ಮುಂಚೆ ಟರ್ಬೋ ಆಯಿಲ್ ಪೈಪಿನಲ್ಲಿ ಆಯಿಲ್ ತುಂಬಿ. ಇಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ಎಳೆದಿಟ್ಟು, ಪ್ರೆಶರ್ ಬರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ನಿಲ್ಲಿಸಿ "ಸೆಟ್ ಆಗಲಿ" ಅನ್ನಬೇಡಿ, ಬೋರ್ ಗೋಡೆ ನುಣುಪಾಗಿ ಕನ್ನಡಿ ಆಗಿಬಿಡುತ್ತೆ. ರಿಂಗ್ ಕೂರಲು ಹಿಂದಿನಿಂದ ಗ್ಯಾಸ್ ಒತ್ತಬೇಕು, ಅದಕ್ಕೆ ಲೋಡ್ ಬೇಕು. ಅರ್ಧ ಲೋಡ್ ಹಾಕಿ ಅಥಣಿ ಕಡೆ ಹೋಗಿಬನ್ನಿ. ವೇಗ ಏರಿಸುತ್ತಾ ಇಳಿಸುತ್ತಾ ಇರಿ, ಟಾಪ್ ಗೇರಿನಲ್ಲಿ ಗುಯ್ಯನ್ನಿಸಬೇಡಿ.

ತಿಕೋಟಾ ಗಾಡಿ:

ಆಯ್ತು, ಕಿಟ್ಟೇ ಹಾಕಿಸುತ್ತೇನೆ. ಕಾಕಾ, ಬ್ಲಾಕ್ ನಿಮ್ಮ ಕಡೆಗೇ ತರಲಾ?

ಉದ್ಯಮಬಾಗ ಬೋರಿಂಗ್:

ತನ್ನಿ. ಬ್ಲಾಕ್ ಜೊತೆಗೆ ಹಳೆ ಪಿಸ್ಟನ್ ಒಂದು, ಹೊಸ ಕಿಟ್ ಪೂರ್ತಿ. ಕಿಟ್ ಇಲ್ಲದೆ ಹೋನಿಂಗ್‌ಗೆ ಕೈ ಹಚ್ಚುವುದಿಲ್ಲ.